ಯಾವ ಸಾಲದ ಬಾಬ್ತು?

ಸಾಲ ವಸೂಲಿ ದಾವೆಯ ಸಮನ್ಸ್ ಹಿಡಿದು ಮಂಡ್ಯದ ನನ್ನ ಕಚೇರಿಗೆ ಬರುವವರು ಮೊದಲು ಹೇಳುವ ಮಾತು, ‘ಆಗಲೇ ಕೊಟ್ಟಾಗಿದೆ ಸ್ವಾಮಿ’. ಕೊಟ್ಟಿರುತ್ತಾರೆ, ನಾನೂ ನಂಬುತ್ತೇನೆ. ಯಾವ ಬಾಬ್ತು ಎಂದು ಕೇಳಿದಾಗ ಮಾತ್ರ ಮುಖ ನೋಡುತ್ತಾರೆ.

ನಮ್ಮ ಕಡೆ ಒಬ್ಬರ ಹತ್ತಿರವೇ ಎರಡೆರಡು ಸಾಲ ಇರುವುದು ಮಾಮೂಲು. ಮಗಳ ಮದುವೆಗೆಂದು ಐದು ವರ್ಷದ ಹಿಂದೆ ತಂದ ಕೈಸಾಲ ಐವತ್ತು ಸಾವಿರ. ಆಮೇಲೆ ಕೊಳವೆಬಾವಿಗೆಂದು ಪ್ರೋನೋಟು ಬರೆದುಕೊಟ್ಟು ತಂದದ್ದು ಒಂದು ಲಕ್ಷ ಎಂದಿಟ್ಟುಕೊಳ್ಳಿ. ಕಬ್ಬಿನ ಹಣ ಖಾತೆಗೆ ಬಿದ್ದ ದಿನ ರೈತ ಐವತ್ತು ಸಾವಿರವನ್ನು ಮೊಬೈಲಿನಲ್ಲಿ ಕಳುಹಿಸಿ, ಪ್ರೋನೋಟಿನ ಭಾರ ಅರ್ಧ ಇಳಿಯಿತೆಂದು ನಿರಾಳವಾಗುತ್ತಾನೆ. ಸಾಲ ಕೊಟ್ಟವನು ಅದನ್ನು ಹಳೆಯ ಕೈಸಾಲಕ್ಕೆ ಜಮಾ ಮಾಡಿಕೊಂಡು, ಪ್ರೋನೋಟಿನ ಪೂರ್ತಿ ಮೊತ್ತಕ್ಕೆ ದಾವೆ ಹೂಡುತ್ತಾನೆ.

ಮೋಸವೆಂದು ಕೂಗಾಡಿ ಫಲವಿಲ್ಲ. ಹಣ ಯಾವ ಸಾಲಕ್ಕೆಂದು ಹೇಳುವ ಮೊದಲ ಹಕ್ಕನ್ನು 1872ರ ಕರಾರು ಕಾಯ್ದೆಯ 59ನೇ ಕಲಂ ತೀರಿಸುವವನಿಗೇ ಕೊಟ್ಟಿದೆ. ಅವನು ಹೇಳದೆ, ಸಂದರ್ಭದಿಂದಲೂ ತಿಳಿಯದೆ ಹೋದರೆ, 60ನೇ ಕಲಂ ಪ್ರಕಾರ ಆ ಹಕ್ಕು ಸಾಲ ಕೊಟ್ಟವನ ಕೈಗೆ ಹೋಗುತ್ತದೆ. 3 ವರ್ಷದ ಕಾಲಮಿತಿ ಮೀರಿ, ದಾವೆಗೆ ಬಾರದ ಸಾಲಕ್ಕೂ ಅವನು ಜಮಾ ಮಾಡಿಕೊಳ್ಳಬಹುದು.

ಹಾಗಾಗಿ ‘ಐವತ್ತು ಸಾವಿರ ಮುಟ್ಟಿದೆ’ ಎಂಬಷ್ಟೇ ರಸೀದಿಗೆ ತೃಪ್ತರಾಗಬೇಡಿ. ‘ಇಂಥ ತಾರೀಖಿನ ಪ್ರೋನೋಟಿನ ಬಾಬ್ತು, ಅಸಲಿನ ಪೈಕಿ’ ಎಂದು ಬರೆಸಿ. ಕೊನೆಯ ಕಂತಾದರೆ ‘ಅಸಲು, ಬಡ್ಡಿ ಪೂರ್ತಿ ಚುಕ್ತಾ, ಬಾಕಿ ಇಲ್ಲ’ ಎಂದಿರಲಿ. ಮೊತ್ತ 5,000 ದಾಟಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಬೇಕು. ಮೊಬೈಲಿನಲ್ಲಿ ಕಳುಹಿಸುವಾಗಲೂ ಷರಾ ಬರೆಯಲು ಜಾಗವಿರುತ್ತದೆ. ಅಲ್ಲಿ ಕೈಮುಗಿಯುವ ಚಿತ್ರ ಹಾಕಿದರೆ ನ್ಯಾಯಾಧೀಶರು ಅದನ್ನು ಯಾವ ಸಾಲಕ್ಕೆ ಜಮಾ ಮಾಡಬೇಕು?

ಪ್ರೋನೋಟಿನ ಬೆನ್ನಿಗೆ ಕಂತು ಬರೆದು ನಿಮ್ಮ ಸಹಿ ಕೇಳಿದರೆ ಒಂದು ಗಳಿಗೆ ಯೋಚಿಸಿ. ಅದು ಪಾವತಿಗೆ ಪುರಾವೆ, ನಿಜ. ಆದರೆ ಕಾಲಮಿತಿಯೊಳಗೆ ಕಟ್ಟಿದ ಕಂತಾದರೆ ಆ ದಿನದಿಂದ ಸಾಲಕ್ಕೆ ಹೊಸದಾಗಿ 3 ವರ್ಷದ ಆಯುಸ್ಸು ಸಿಗುತ್ತದೆ. ಚುಕ್ತಾ ಆದ ದಿನವೇ ಮೂಲ ಪ್ರೋನೋಟನ್ನು ವಾಪಸು ಪಡೆಯಿರಿ. ‘ಎಲ್ಲೋ ಇಟ್ಟಿದ್ದೇನೆ, ಸಿಕ್ಕಾಗ ಹರಿದು ಹಾಕುತ್ತೇನೆ ಬಿಡಿ’ ಎಂಬ ಮಾತಿಗೆ ತಲೆಯಾಡಿಸಿ ಬಂದವರೇ ನನ್ನ ಕಕ್ಷಿದಾರರಲ್ಲಿ ಹೆಚ್ಚು.

ಬ್ಯಾಂಕಿನ ಗೃಹಸಾಲದಲ್ಲಿ ಈ ಪೇಚಾಟ ಕಡಿಮೆ. ಸಾಲ ತೀರಿದ 30 ದಿನದೊಳಗೆ ಮೂಲ ದಾಖಲೆ ಹಿಂದಿರುಗಿಸಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ತೆರಬೇಕು ಎಂಬ ರಿಸರ್ವ್ ಬ್ಯಾಂಕಿನ ಆದೇಶ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಜಮೀನಿನ ಮೇಲೆ ಬೆಳೆಸಾಲ ಪಡೆದವರು ಸೊಸೈಟಿಯ ಬೇಬಾಕಿ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನಾಗದೆ, ಹೊಸ ಪಹಣಿ ತೆಗೆಸಿ 11ನೇ ಕಾಲಂ ನೋಡಲಿ. ತೀರಿದ ಸಾಲ ಅಲ್ಲಿ ಇನ್ನೂ ಕಾಣಿಸುತ್ತಿದ್ದರೆ, ಅದೇ ಪತ್ರದ ನಕಲು ಲಗತ್ತಿಸಿ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಲಿ.