ಹಳೇ ಮಿರರ್ ದೋಣಿಗೆ ಫೈಬರ್ ಹೊದಿಸಿದರೆ ಸಾಲದೇ?

ಪ್ರಶ್ನೆ: ಇಂಗ್ಲೆಂಡಿನಲ್ಲಿದ್ದೇವೆ. ಹಳೇ ಮಿರರ್ ಹಾಯಿದೋಣಿಯೊಂದು ಅಗ್ಗಕ್ಕೆ ಸಿಕ್ಕಿದೆ. ಅಲ್ಲಲ್ಲಿ ನೀರು ಒಸರುತ್ತದೆ, ಹಿಂಬದಿಯ ಮೂಲೆ ಮೆತ್ತಗಾಗಿದೆ. ಹೊರಗಿನಿಂದ ಪೂರ್ತಿ ಫೈಬರ್‌ಗ್ಲಾಸ್ ಹೊದಿಸಿಬಿಟ್ಟರೆ ಹೊಸದರ ಹಾಗೆ ಆಗುವುದಿಲ್ಲವೇ?

ಆಗುವುದಿಲ್ಲ. ಪ್ರತಿ ವರ್ಷ ಚಳಿ ಶುರುವಾಗಿ ದೋಣಿಗಳು ಗ್ಯಾರೇಜ್ ಸೇರುತ್ತಿದ್ದ ಹಾಗೇ ಈ ಪ್ರಶ್ನೆ ಬರುತ್ತದೆ, ಉತ್ತರವೂ ಪ್ರತಿ ವರ್ಷ ಅದೇ. ಆದರೂ ವಸಂತದ ಹೊತ್ತಿಗೆ ಎಷ್ಟೋ ದೋಣಿಗಳು ಫೈಬರ್ ಹೊದ್ದು ಕೂತಿರುತ್ತವೆ. ಹಾಗಾಗಿ ಈ ಸಲ ಬೇಡ ಎಂದಷ್ಟೇ ಹೇಳದೆ, ಯಾಕೆ ಬೇಡ ಎಂಬುದನ್ನು ಬಿಡಿಸಿ ಹೇಳುತ್ತೇನೆ.

ನಿಮ್ಮ ಕೈಗೆ ಬಂದಿರುವುದು ಏನೆಂದು ಮೊದಲು ತಿಳಿಯಿರಿ. ಮಿರರ್ ಜನರ ಮುಂದೆ ಬಂದದ್ದು 1963ರ ಲಂಡನ್ ಬೋಟ್ ಶೋನಲ್ಲಿ. ವಿನ್ಯಾಸ ಜ್ಯಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ಅವರದು. ಬಕ್ನೆಲ್ ಟೀವಿಯಲ್ಲಿ ಮನೆ ರಿಪೇರಿ ಹೇಳಿಕೊಡುತ್ತಿದ್ದವರು. ಆಗ 63 ಪೌಂಡ್ 11 ಷಿಲಿಂಗ್ ಕೊಟ್ಟರೆ ಕತ್ತರಿಸಿದ ಪ್ಲೈವುಡ್ ಸಮೇತ ಇಡೀ ಕಿಟ್ ಮನೆಗೆ ಬರುತ್ತಿತ್ತು. 5 ಮಿ.ಮೀ. ಹಲಗೆಗಳ ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಲ್ಲಿ ಹೊಲಿದು, ಹೊಲಿಗೆಯ ಮೇಲೆ ಗ್ಲಾಸ್ ಟೇಪ್ ಇಟ್ಟು ಪಾಲಿಯೆಸ್ಟರ್ ರೆಸಿನ್ (ಬಳಿದ ಮೇಲೆ ಗಟ್ಟಿಯಾಗುವ ದ್ರವ) ಕುಡಿಸುವುದು. 3.3 ಮೀಟರ್ ಉದ್ದದ ಖಾಲಿ ಮೈಯ ತೂಕ 45.5 ಕಿಲೋ. ಹೀಗೆ 70,000ಕ್ಕೂ ಹೆಚ್ಚು ದೋಣಿಗಳಾದವು. ಮನೆಯಲ್ಲಿ ಕಟ್ಟಲೆಂದೇ ಮಾಡಿದ ದೋಣಿ ಇದು, ಮನೆಯಲ್ಲೇ ಚೆನ್ನಾಗಿ ರಿಪೇರಿಯಾಗುತ್ತದೆ.

ಈಗ ಫೈಬರ್ ವಿಷಯ. ಊರಲ್ಲಿ ಮಳೆಗಾಲದಲ್ಲಿ ನೀರು ಜಿನುಗುವ ಗೋಡೆಗೆ ಪೇಂಟ್ ಬಳಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಗುಳ್ಳೆಯೆದ್ದು ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ, ಏಕೆಂದರೆ ನೀರು ಗೋಡೆಯೊಳಗೇ ಇತ್ತು. ದೋಣಿಯದೂ ಇದೇ ಕತೆ. ಹಳೇ ಪ್ಲೈವುಡ್ಡಿಗೆ ಬಹುಪಾಲು ನೀರು ಹೋಗುವುದು ಒಳಗಿನಿಂದ: ಅಂಗಳದಲ್ಲಿ ನಿಂತಾಗ ತುಂಬಿದ ಮಳೆನೀರು, ಒದ್ದೆ ಕಾಲು, ತಣ್ಣನೆ ಗ್ಯಾರೇಜಿನಲ್ಲಿ ಕೂರುವ ಹನಿ. ಮರ ಲಡ್ಡು ಹಿಡಿಸುವ ಶಿಲೀಂಧ್ರಕ್ಕೆ ಬೇಕಾದದ್ದು ಮರದಲ್ಲಿ ಸುಮಾರು 20 ಶೇಕಡಾ ತೇವ, ಸ್ವಲ್ಪ ಗಾಳಿ, ಹದವಾದ ಬಿಸುಪು. ಹೊರಮೈ ಮುಚ್ಚಿದಿರೋ, ಆ ಕಡೆಯಿಂದ ಆರುತ್ತಿದ್ದ ತೇವಕ್ಕೂ ದಾರಿ ಕಟ್ಟಾಯಿತು. ಮೇಲೆ ಕನ್ನಡಿಯಂಥ ಮೈ, ಒಳಗೆ ಕುಂಬಾದ ಮರ. ಹೆಬ್ಬೆರಳಲ್ಲಿ ಒತ್ತಿದಾಗ ಫೈಬರ್ ಸಿಪ್ಪೆ ಒಳಗೆ ತಗ್ಗುವವರೆಗೂ ಅದು ಗೊತ್ತೇ ಆಗುವುದಿಲ್ಲ.

ಎರಡನೆಯದು ಅಂಟಿನ ಮಾತು. ಫೈಬರ್ ಹೊದಿಸಲು ಸಾಮಾನ್ಯವಾಗಿ ಬಳಸುವ ಪಾಲಿಯೆಸ್ಟರ್ ಗಟ್ಟಿಯಾಗುವಾಗ ಕುಗ್ಗುತ್ತದೆ, ಆಮೇಲೆ ಬಿರುಸಾಗಿ ನಿಲ್ಲುತ್ತದೆ. ಮರ ಹಾಗಲ್ಲ, ತೇವ ಕುಡಿದರೆ ಹಿಗ್ಗಿ ಆರಿದರೆ ಕುಗ್ಗುತ್ತಲೇ ಇರುತ್ತದೆ. ಈ ಎಳೆದಾಟದಲ್ಲಿ ಅಂಚು ಬಿಡುತ್ತದೆ, ಬಿಟ್ಟ ಅಂಚಿನಲ್ಲಿ ಹೊಕ್ಕ ನೀರು ಹೊರಗೆ ಬರುವುದಿಲ್ಲ. ನಂಬಿಕೆ ಬಾರದಿದ್ದರೆ ನಿಮ್ಮ ದೋಣಿಯನ್ನೇ ಕೇಳಿ. ಒಳಗಿನ ಯಾವುದಾದರೂ ಹೊಲಿಗೆಯಲ್ಲಿ ಹಳೇ ಟೇಪಿನ ತುದಿಗೆ ಸ್ಕ್ರೇಪರ್ ಕೊಟ್ಟು ಎಬ್ಬಿಸಿ. ಎಷ್ಟೋ ಕಡೆ ಉದ್ದಕ್ಕೂ ಪಟ್ಟಿಯಾಗಿ ಸುಲಿದು ಬರುತ್ತದೆ. ಅದನ್ನು ತಿರುಗಿಸಿ ಬೆಳಕಿಗೆ ಹಿಡಿಯಿರಿ: ಹಿಂಬದಿ ನುಣ್ಣಗೆ ಹೊಳೆಯುತ್ತದೆ, ಮರದ ಗೆರೆಗಳ ಅಚ್ಚು ಬಿದ್ದಿದೆ, ತಾಮ್ರದ ತುಂಡುಗಳಿದ್ದಲ್ಲಿ ಹಸಿರು ಚುಕ್ಕಿ. ಮರದ ನಾರು ಮಾತ್ರ ಒಂದೂ ಇಲ್ಲ. ಅಂಟು ನಿಜಕ್ಕೂ ಹಿಡಿದಿದ್ದರೆ ನಾರು ಕಿತ್ತುಕೊಂಡು ಬರಬೇಕಿತ್ತು.

“ಮೂಲದಲ್ಲೇ ಪಾಲಿಯೆಸ್ಟರ್ ಇತ್ತಲ್ಲ” ಎಂಬ ವಾದ ಇಲ್ಲಿ ಬಂದೇ ಬರುತ್ತದೆ. ಇತ್ತು, ಹೊಸ ಒಣ ಮರದ ಮೇಲೆ, ಹೊಲಿಗೆಯಷ್ಟಕ್ಕೆ. ಅದೇ ಇಷ್ಟು ವರ್ಷಕ್ಕೆ ಸುಲಿದು ಬರುತ್ತಿದೆ. ಬಣ್ಣ ಕುಡಿದ, ತೇವ ಹಿಡಿದ ಹಳೇ ಹಲಗೆಯ ಮೇಲೆ ಅದಕ್ಕಿಂತ ಚೆನ್ನಾಗಿ ಹೇಗೆ ಕೂತೀತು?

ಮಲ್ಪೆ ಕಡೆ ಮರದ ದೋಣಿಗಳಿಗೆ ಫೈಬರ್ ಹೊದಿಸುವುದನ್ನು ಕಂಡವರು ಅದನ್ನೇ ಉದಾಹರಣೆ ಕೊಡುತ್ತಾರೆ. ಆ ಹಲಗೆಯ ದಪ್ಪ ನೋಡಿ, ನಿಮ್ಮ 5 ಮಿ.ಮೀ. ಪ್ಲೈ ನೋಡಿ. ಅಲ್ಲಿ ಕೆಲವು ಕಿಲೋ ಹೆಚ್ಚಾದರೆ ಯಾರೂ ಕೇಳುವುದಿಲ್ಲ. ಇಲ್ಲಿ ಲೆಕ್ಕ ಹಾಕಿ: ಹೊರಮೈ 6 ಚದರ ಮೀಟರ್ ಎಂದಿಟ್ಟುಕೊಂಡರೆ, ಚದರ ಮೀಟರಿಗೆ 450 ಗ್ರಾಂ ತೂಗುವ ಗ್ಲಾಸ್ ಮ್ಯಾಟ್ ತನ್ನ ತೂಕದ ಎರಡೂವರೆ ಪಟ್ಟು ರೆಸಿನ್ ಕುಡಿದು ಒಂದು ಪದರಕ್ಕೇ 9 ಕಿಲೋ ದಾಟುತ್ತದೆ, ಎರಡು ಪದರಕ್ಕೆ 19ರ ಹತ್ತಿರ. ಇಬ್ಬರು ಎತ್ತಿ ಕಾರಿನ ಮೇಲಿಡುತ್ತಿದ್ದ ದೋಣಿ ಆಮೇಲೆ ಮೇಲೇಳುವುದಿಲ್ಲ.

ಹಾಗಾದರೆ ಎಪಾಕ್ಸಿಯಲ್ಲಿ (ಹಾರ್ಡ್‌ನರ್ ಎಂಬ ಇನ್ನೊಂದು ದ್ರವ ಬೆರೆಸಿದರೆ ಗಟ್ಟಿಯಾಗುವ ಬೇರೊಂದು ರೆಸಿನ್) ಹೊದಿಸಬಹುದೇ? ಒಣಗಿದ, ಗಟ್ಟಿಯಿರುವ ಮರದ ಮೇಲೆ, ತಳಕ್ಕೆ ಮಾತ್ರ, 200 ಗ್ರಾಂ ಗ್ಲಾಸ್ ಬಟ್ಟೆಯ ಒಂದು ಪದರ ಹಾಕಬಹುದು. ಬೆಣಚುಕಲ್ಲಿನ ದಡಕ್ಕೆ ಎಳೆಯುವವರಿಗೆ ಅದು ಉಪಯೋಗ, ತೂಕವೂ ಎರಡು ಕಿಲೋ ಆಸುಪಾಸು. ಆದರೆ ಮರ ಅಷ್ಟು ಒಣಗಿ, ಕೊಳೆತದ್ದೆಲ್ಲ ಹೋಗಿ, ಹೊಲಿಗೆ ಗಟ್ಟಿಯಾಗುವ ಹೊತ್ತಿಗೆ ನೀರು ಒಸರುವುದು ಹೇಗೂ ನಿಂತಿರುತ್ತದೆ.

ಆದ್ದರಿಂದ ಮೊದಲ ಕೆಲಸ ಒಣಗಿಸುವುದು. ಬಿರಡೆ, ಮುಚ್ಚಳ ಎಲ್ಲ ತೆಗೆದು, ದೋಣಿಯನ್ನು ಎರಡು ಸ್ಟ್ಯಾಂಡ್ ಮೇಲೆ ಬೋರಲು ಇಡಿ. ಬ್ರಿಟನ್ನಿನ ಚಳಿಗಾಲದಲ್ಲಿ ಸೂರಿನಡಿ ಇಟ್ಟ ಮರವೂ 16–18 ಶೇಕಡಾ ತೇವದಲ್ಲೇ ನಿಂತುಬಿಡುತ್ತದೆ. ಎಪಾಕ್ಸಿಗೆ ಬೇಕಾದದ್ದು 12ಕ್ಕಿಂತ ಕಡಿಮೆ. ಪಾಲಿಥೀನ್ ಗುಡಾರ ಕಟ್ಟಿ ಒಳಗೆ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಇಡದೆ ಅಲ್ಲಿಗೆ ಮುಟ್ಟುವುದಿಲ್ಲ. ವಾರಕ್ಕೊಮ್ಮೆ ದೋಣಿ ತೂಗಿ. ತೂಕ ಇಳಿಯುವುದು ನಿಂತ ಮೇಲೆ ತೇವ ಅಳೆಯುವ ಮೀಟರ್ ಚುಚ್ಚಿ ನೋಡಿ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು, ಅವಸರ ಮಾಡಬೇಡಿ.

ಆಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೈಯೆಲ್ಲ ತಟ್ಟಿ. ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತದ್ದು ಮಂಕು ಸದ್ದು ಮಾಡುತ್ತದೆ. ಅನುಮಾನವಿದ್ದಲ್ಲಿ ದಬ್ಬಳ ಒತ್ತಿ. ಹಿಂಬದಿ ಹಲಗೆಯ ಕೆಳಮೂಲೆ, ಡ್ಯಾಗರ್‌ಬೋರ್ಡ್ (ತಳದ ಮೂಲಕ ನೀರಿಗಿಳಿಸುವ ಹಲಗೆ) ಪೆಟ್ಟಿಗೆಯ ಬುಡ, ಮಾಸ್ಟ್ ಅಂದರೆ ಹಾಯಿಕಂಬ ಕೂರುವ ಜಾಗ, ಸ್ಕ್ರೂ ತೂತುಗಳ ಸುತ್ತ ಎರಡೆರಡು ಸಲ ನೋಡಿ. ಕೆಟ್ಟದ್ದನ್ನು ಕತ್ತರಿಸುವಾಗ ಗಟ್ಟಿ ಮರ ಸಿಕ್ಕ ಮೇಲೂ ಇನ್ನೊಂದು 50 ಮಿ.ಮೀ. ಮುಂದೆ ಹೋಗಿ. ಹಳೇ ಟೇಪನ್ನು ಬಿಸಿಗಾಳಿ ಗನ್ ಹಿಡಿದು ಸ್ಕ್ರೇಪರಿನಲ್ಲಿ ಎಬ್ಬಿಸಿ. ಬೆಲ್ಟ್ ಸ್ಯಾಂಡರ್ ಮುಟ್ಟಲೇಬೇಡಿ, ಪ್ಲೈನ ಮೇಲ್ಪದರ ಕಾಗದದಷ್ಟು ಬೇಗ ಹೋಗುತ್ತದೆ. 60ರ ದಶಕದ ಬಣ್ಣದಲ್ಲಿ ಸೀಸ ಇರಬಹುದು, ಹಾಗಾಗಿ ಒಣ ಉಜ್ಜಾಟ ಬೇಡ, ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ.

ತೇಪೆಗೆ ಬಿಎಸ್ 1088 ಎಂಬ ಬ್ರಿಟಿಷ್ ಗುಣಮಟ್ಟದ 5 ಮಿ.ಮೀ. ಮರೀನ್ ಪ್ಲೈ. ಜೋಡಣೆಯ ಎರಡೂ ಅಂಚನ್ನು ಒಂದಕ್ಕೆ ಎಂಟರ ಇಳಿಜಾರಿನಲ್ಲಿ ಹತ್ತರಿ ಹೊಡೆಯಬೇಕು, ಅಂದರೆ 5 ಮಿ.ಮೀ. ದಪ್ಪಕ್ಕೆ 40 ಮಿ.ಮೀ. ಓರೆ. ಪ್ಲೈನ ಪದರಗಳು ನೇರ ಪಟ್ಟೆಗಳಾಗಿ ಕಂಡರೆ ಓರೆ ಸರಿಯಾಗಿದೆ ಎಂದೇ. ಎರಡೂ ಮೈಗೆ ಮೊದಲು ತೆಳು ಎಪಾಕ್ಸಿ ಬಳಿಯಿರಿ, ಮರ ಕುಡಿದು ಮಂಕಾದಲ್ಲಿ ಮತ್ತೆ ಬಳಿಯಿರಿ. ಅದರ ಮೇಲೆ ನುಣುಪು ಮರದ ಪುಡಿ ಮತ್ತು ಸಿಲಿಕಾ ಕಲಸಿ ಗಟ್ಟಿ ಚಟ್ನಿಯ ಹದಕ್ಕೆ ತಂದ ಅಂಟು. ಕ್ಲಾಂಪ್ ಮೆಲ್ಲಗೆ ಬಿಗಿಯಿರಿ. ಅಂಟೆಲ್ಲ ಹಿಂಡಿ ಹೊರಗೆ ಹೋದರೆ ಜೋಡಣೆ ನಿಲ್ಲುವುದಿಲ್ಲ. ಹೊಲಿಗೆಗಳಿಗೆ ಇದೇ ಅಂಟನ್ನು ಇನ್ನೂ ಗಟ್ಟಿ ಮಾಡಿ ಮೂಲೆ ದುಂಡಗೆ ತುಂಬಿ, ಹಸಿಯಿರುವಾಗಲೇ 75 ಮಿ.ಮೀ. ಗ್ಲಾಸ್ ಟೇಪ್ ಇಟ್ಟು ಎಪಾಕ್ಸಿ ಕುಡಿಸಿ.

ಪಾಲಿಯೆಸ್ಟರಿಗೆ ಕೈ ಪಳಗಿದವರು ಒಂದು ತಪ್ಪು ಮಾಡುತ್ತಾರೆ. ಅದರಲ್ಲಿ ಕ್ಯಾಟಲಿಸ್ಟ್ (ಗಟ್ಟಿಯಾಗಿಸಲು ಬೆರೆಸುವ ದ್ರವ) ಸ್ವಲ್ಪ ಹೆಚ್ಚಿಸಿದರೆ ಬೇಗ ಗಟ್ಟಿಯಾಗುತ್ತದೆ. ಎಪಾಕ್ಸಿಯಲ್ಲಿ ಹಾರ್ಡ್‌ನರ್ ಹೆಚ್ಚಿಸಿದರೆ ಅದು ಎಂದೂ ಪೂರ್ತಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಡಬ್ಬಿಯ ಮೇಲಿನ ಪ್ರಮಾಣವನ್ನು ಡಿಜಿಟಲ್ ತಕ್ಕಡಿಯಲ್ಲೇ ತೂಗಿ. ಕಲಸಿದ್ದನ್ನು ಆಳದ ಲೋಟದಲ್ಲಿ ಬಿಟ್ಟರೆ ಕಾದು ಹೊಗೆಯಾಡುತ್ತದೆ, ಅಗಲ ತಟ್ಟೆಗೆ ಸುರಿದುಕೊಳ್ಳಿ. 10 ಡಿಗ್ರಿಗಿಂತ ತಣ್ಣಗಿದ್ದ ದಿನ ಕೆಲಸ ಬೇಡ. ಗಟ್ಟಿಯಾದ ಮೇಲೆ ಮೈಮೇಲೆ ಜಿಡ್ಡಿನಂಥ ಪೊರೆ ಕೂತಿದ್ದರೆ, ಉಜ್ಜುವ ಮೊದಲೇ ಪಾತ್ರೆ ತಿಕ್ಕುವ ಹಸಿರು ನಾರು ಮತ್ತು ನೀರಿನಲ್ಲಿ ತೊಳೆಯಿರಿ. ತೊಳೆಯದೆ ಉಜ್ಜಿದರೆ ಅದು ಮರಳುಕಾಗದಕ್ಕೂ ಮೆತ್ತಿ ಮುಂದಿನ ಬಣ್ಣವನ್ನೂ ಕೆಡಿಸುತ್ತದೆ. ಬರಿಗೈಯಲ್ಲಿ ಎಪಾಕ್ಸಿ ಮುಟ್ಟಬೇಡಿ, ಒಮ್ಮೆ ಚರ್ಮಕ್ಕೆ ಅಲರ್ಜಿ ಹತ್ತಿದರೆ ಜೀವನಪೂರ್ತಿ ಬಿಡುವುದಿಲ್ಲ. ಕೊನೆಗೆ ಒಳಗೂ ಹೊರಗೂ ಬಣ್ಣ, ಮರ ಕಾಣಬೇಕಾದಲ್ಲಿ ಬಿಸಿಲು ತಡೆಯುವ ವಾರ್ನಿಷ್. ಬಿಸಿಲಿಗೆ ತೆರೆದಿಟ್ಟ ಎಪಾಕ್ಸಿ ಪುಡಿಯಾಗುತ್ತದೆ.

ಇನ್ನು ಯಾರೂ ಕೇಳದ, ಆದರೆ ಕೇಳಬೇಕಾದ ಒಂದು ಮಾತು. ಎಲ್ಲರ ಕಣ್ಣೂ ತಳದ ಮೇಲೆ, ಗಾಳಿಪೆಟ್ಟಿಗೆಗಳ ಬಗ್ಗೆ ಯಾರೂ ವಿಚಾರಿಸುವುದಿಲ್ಲ. ಮಿರರ್‌ನಲ್ಲಿ ಮುಂದೆ, ಹಿಂದೆ, ಎರಡು ಪಕ್ಕ ಮುಚ್ಚಿದ ಪೆಟ್ಟಿಗೆಗಳಿವೆ. ದೋಣಿ ಮಗುಚಿದರೆ ನಿಮ್ಮನ್ನೂ ಮಕ್ಕಳನ್ನೂ ತೇಲಿಸಿ ಹಿಡಿಯುವುದು ಅವೇ. ತಳದಲ್ಲಿ ಹನಿ ಒಸರಿದರೆ ಸ್ಪಂಜಿನಲ್ಲಿ ಒರೆಸಬಹುದು, ನಡುನೀರಿನಲ್ಲಿ ಪೆಟ್ಟಿಗೆ ತುಂಬಿದರೆ ದೋಣಿ ಎತ್ತಿ ನಿಲ್ಲಿಸಲೂ ಆಗದು. ಚಳಿಗಾಲವೆಲ್ಲ ಬಿರಡೆ ಹಾಕಿಯೇ ಇಟ್ಟ ದೋಣಿಯಲ್ಲಿ ಮೊದಲು ಕೊಳೆಯುವುದೂ ಇವುಗಳ ಒಳಗೋಡೆಯೇ. ಒಳಗೆ ಕೈ ಹೋಗಲು ಮುಚ್ಚಳವಿಲ್ಲದಿದ್ದರೆ 125 ಮಿ.ಮೀ. ದುಂಡು ಮುಚ್ಚಳವೊಂದನ್ನು ಕೂರಿಸಿ, ಕತ್ತರಿಸಿದ ಅಂಚಿಗೆ ಮೂರು ಸಲ ಎಪಾಕ್ಸಿ ಕುಡಿಸಿ.

ಪರೀಕ್ಷೆಗೆ ಬಿರಡೆಯ ತೂತಿಗೆ ರಬ್ಬರ್ ಕೊಳವೆ ಕೂರಿಸಿ, ಹೊಲಿಗೆಗಳ ಮೇಲೆ ಸೋಪಿನ ನೀರು ಬಳಿದು, ಬಾಯಿಂದ ಮೆಲ್ಲಗೆ ಊದಿ. ಸೈಕಲ್ ಪಂಪ್, ಕಂಪ್ರೆಸರ್ ಬೇಡ, 5 ಮಿ.ಮೀ. ಹಲಗೆ ಹೊಲಿಗೆ ಬಿಟ್ಟು ಎದ್ದುಬಿಡುತ್ತದೆ. ಗುಳ್ಳೆ ಬಂದಲ್ಲಿ ಮೇಣದ ಪೆನ್ಸಿಲಿನಲ್ಲಿ ಗುರುತು ಹಾಕಿ. ಮುಚ್ಚಳದ ರಬ್ಬರಿನಲ್ಲೇ ಗುಳ್ಳೆ ಬಂದರೆ ರಬ್ಬರ್ ಬದಲಿಸಿ ಮತ್ತೆ ಊದಿ, ಆಮೇಲೆ ಹೊಲಿಗೆಗೆ ಕೈ ಹಾಕಿ. ಗುರುತು ಹಾಕಿದ ಜಾಗವನ್ನೆಲ್ಲ ಸೋಪು ಹೋಗುವಷ್ಟು ತೊಳೆದು, ಎರಡು ದಿನ ಒಣಗಿಸಿ, ಆಮೇಲಷ್ಟೇ ಎಪಾಕ್ಸಿ.