ಎರಿ ತಿಂದ ಹುಳ, ಹುಳ ತಿಂದ ಕೋಳಿ

ಕೊಡಗಿನಲ್ಲಿ ಕಕ್ಕಡ ತಿಂಗಳ ಮಳೆ. ನಾಪೋಕ್ಲು ಕಡೆ ಒಂದು ಮನೆಗೆ ಹಸು ನೋಡಲು ಹೋಗಿದ್ದೆ. ಕೈ ತೊಳೆಯುವ ಹೊತ್ತಿಗೆ ಮನೆಯಾಕೆ, "ಡಾಕ್ಟ್ರೇ, ಈ ಕೋಳೀನೂ ಒಮ್ಮೆ ನೋಡಿ" ಎಂದರು. ನಾಟಿ ಹ್ಯಾಟೆ, ಎರಡು ದಿನದಿಂದ ಮೇವು ಮುಟ್ಟಿಲ್ಲ. ಕುತ್ತಿಗೆ ಬುಡದ ಮೇವಿನ ಚೀಲ ಒತ್ತಿದರೆ ನಾದಿದ ಹಿಟ್ಟಿನ ಹಾಗೆ. ಬಾಯಲ್ಲಿ ಹುಳಿ ವಾಸನೆ.

"ಜೇನು ಪೆಟ್ಟಿಗೆಗೆ ಹುಳ ಬಿದ್ದಿತ್ತು. ಎರಿ ಸಮೇತ ಅಂಗಳಕ್ಕೆ ಎಸೆದೆ" ಎಂದರು. ಎರಿ ಅಂದರೆ ಜೇನು ಕಟ್ಟುವ ಮೇಣದ ಹಲ್ಲೆ. ಚೀಲ ತಿಕ್ಕಿ ನೋಡಿದೆ, ಗಂಟು ಸಡಿಲವಾಗಲಿಲ್ಲ. ಕೊನೆಗೆ ಕೊಯ್ದು ತೆಗೆಯಬೇಕಾಯಿತು. ಹೊರಬಂದದ್ದು ಹುಳ ಅಲ್ಲ, ನೂಲು. ಮೇಣದ ಹುಳ ಎರಿಯೊಳಗೆ ಸುರಂಗ ಕೊರೆಯುತ್ತಾ ನೇಯುವ ಬಿಳಿ ಬಲೆ, ಅದಕ್ಕೆ ಅಂಟಿದ ಕರಿ ಹಿಕ್ಕೆ.

ಹುಳದಿಂದ ಕೋಳಿಗೆ ತೊಂದರೆ ಇಲ್ಲ. ಕೊಬ್ಬು, ಪ್ರೋಟೀನ್ ಎರಡೂ ಚೆನ್ನಾಗಿದೆ. ಆದರೆ ಕೊಬ್ಬು ಸ್ವಲ್ಪ ಜಾಸ್ತಿಯೇ. ನಾಲ್ಕೈದು ಕೋಳಿಗೆ ಒಂದು ಹಿಡಿ ಸಾಕು. ರುಚಿ ಹತ್ತಿದರೆ ಕಾಳು ಬಿಟ್ಟು ನಿಮ್ಮ ಕೈಯನ್ನೇ ನೋಡ್ತಾ ನಿಲ್ಲುತ್ತವೆ.

ಎರಿ ಎಸೆಯಬೇಡಿ. ಬೆಳಕಿಗೆ ತಂದು ಬಾಣಲೆಯ ಮೇಲೆ ಹಿಡಿದು ಚೌಕಟ್ಟು ತಟ್ಟಿ. ಈ ಹುಳಕ್ಕೆ ಬೆಳಕು ಆಗದು, ಬಿಲದಿಂದ ಹೊರಗೆ ಓಡುತ್ತದೆ. ಉದುರಿದ್ದನ್ನು ಮಾತ್ರ ಕೊಡಿ. ಮರದ ಸಂದಿಯಲ್ಲಿ ಅಂಟಿದ ಹುಳದ ಗೂಡುಗಳನ್ನು ಚಾಕುವಿನಿಂದ ಕೆರೆಯಿರಿ. ಮೊಟ್ಟೆ ಸುಲಭವಾಗಿ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಇಟ್ಟುಕೊಳ್ಳುವ ಎರಿಯನ್ನು ಫ್ರೀಜರಿನಲ್ಲಿ ಒಂದು ದಿನ ಇಟ್ಟರೆ ಒಳ್ಳೆಯದು. ಕೆಟ್ಟ ಎರಿ ಕಾಯಿಸಿ ಮೇಣ ತೆಗೆಯಿರಿ.

ಎರಿಗೆ ನುಸಿಗುಳಿಗೆ ಇಟ್ಟಿದ್ದರೆ ಅದರ ಹುಳ ಕೋಳಿಗೆ ಬೇಡವೇ ಬೇಡ. ತೋಟಕ್ಕೆ ಔಷಧಿ ಹೊಡೆದ ಮೇಲೆ ಪೆಟ್ಟಿಗೆ ಮುಂದೆ ಸತ್ತು ಬಿದ್ದ ಜೇನೂ ಅಷ್ಟೇ. ಪೆಟ್ಟಿಗೆ ಕಾಲಿಗೆ ಹತ್ತುವ ಇರುವೆಯನ್ನು ಕೋಳಿಗೆ ತೋರಿಸುವುದೂ ನನಗೆ ಇಷ್ಟವಿಲ್ಲ. ಕೋಳಿಯ ಲಾಡಿಹುಳುವಿನ ಮರಿ ಇರುವೆ, ಜೀರುಂಡೆಗಳ ಹೊಟ್ಟೆಯಲ್ಲೂ ಇರುತ್ತದೆ. ಕಾಲಿನ ಕೆಳಗೆ ನೀರಿನ ಬಟ್ಟಲು ಇಡಿ, ಮುಗೀತು.

ಎರಿಯಲ್ಲಿ ಜೇನಿನ ಮರಿಗಳು ಚೀಲದ ಹಾಗೆ ಉಬ್ಬಿ ಸತ್ತಿದ್ದರೆ ಕಥೆ ಬೇರೆ. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ಈ ವೈರಸ್ ರೋಗ ಬಂದು ದಕ್ಷಿಣದ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಕುಟುಂಬಗಳು ಸಾಲುಸಾಲಾಗಿ ಸತ್ತದ್ದನ್ನು ಹಳಬರು ಇನ್ನೂ ಹೇಳುತ್ತಾರೆ. ಆ ವೈರಸ್ ಕೋಳಿಗೆ ತಗಲುವುದಿಲ್ಲ. ಆದರೆ ಅಂಗಳದಲ್ಲಿ ಬಿದ್ದ ಎರಿಗೆ ಪಕ್ಕದ ತೋಟದ ಜೇನು ಮುತ್ತಿ, ರೋಗ ಹೊತ್ತುಕೊಂಡು ಹೋಗುತ್ತದೆ. ಅಂಥದ್ದನ್ನು ಹೂತುಬಿಡಿ.

ಹುಳ ತಿನ್ನಲು ಕೋಳಿಯನ್ನು ಬಿಟ್ಟರೆ ಪೆಟ್ಟಿಗೆ ಉಳಿಯುತ್ತಾ ಅಂತ ಆಕೆ ಕೇಳಿದರು. ಇಲ್ಲ. ಕೋಳಿಗೆ ಸಾಕಾಗುವಷ್ಟು ಹುಳ ಕಂಡಿತು ಅಂದರೆ ಅದರ ತಾಯಿ ಪತಂಗ ಬಂದು ಮೊಟ್ಟೆಯಿಟ್ಟು ಎಷ್ಟೋ ದಿನ ಆಗಿದೆ. ಮಳೆಗಾಲದಲ್ಲಿ ಹೂ ಇಲ್ಲ, ಕುಟುಂಬ ಕುಗ್ಗುತ್ತದೆ, ಎಲ್ಲ ಎರಿಗೂ ಕಾವಲು ಕೂರಲು ಜೇನು ಸಾಲದು. ಹಳೆಯ ಕಪ್ಪು ಎರಿಯಲ್ಲಿ ಪರಾಗವೂ ಮರಿಗಳ ಪೊರೆಯೂ ಇರುತ್ತವೆ, ಹುಳಕ್ಕೆ ಬೇಕಾದ್ದು ಅದೇ. ಜೂನ್‌ಗೆ ಮೊದಲೇ ಖಾಲಿ ಎರಿ ತೆಗೆಯಿರಿ, ಅಡಿಮಣೆ ಗುಡಿಸಿ, ಸಕ್ಕರೆ ಪಾಕ ಕೊಡಿ.

ಈಗ ಬಾಣಲೆ ಸದ್ದಾದರೆ ಸಾಕು, ಹೊಲಿಗೆ ಬಿದ್ದ ಆ ಹ್ಯಾಟೆಯೇ ಎಲ್ಲಕ್ಕಿಂತ ಮುಂದೆ ಓಡಿ ಬರುತ್ತದಂತೆ.