ಉದಾಸೀನ ಆಗುವುದು ಯಾಕೆ?

ನಮ್ಮ ಉಡುಪಿ, ಮಂಗಳೂರಿನ ಕಡೆ ದಿನಕ್ಕೆ ಹತ್ತು ಸಲ ಕೇಳುವ ಮಾತೊಂದಿದೆ: ‘ಉದಾಸೀನ ಆಗ್ತದೆ.’ ಘಟ್ಟದ ಮೇಲಿನವರಿಗೆ ಉದಾಸೀನ ಎಂದರೆ ಕಡೆಗಣಿಸುವುದು, ಅಸಡ್ಡೆ. ನಮ್ಮಲ್ಲಿ ಅರ್ಥ ಬೇರೆ. ಬೆಳಿಗ್ಗೆ ಏಳಲು ಉದಾಸೀನ, ಬಟ್ಟೆ ಒಗೆಯಲು ಉದಾಸೀನ, ಮಳೆ ಸುರಿಯುವಾಗ ಪೇಟೆಗೆ ಹೋಗಲು ಉದಾಸೀನ. ‘ಸೋಮಾರಿ’ ಎಂದರೆ ಮನುಷ್ಯನ ಮೈಗೆ ಒಂದು ಹೆಸರು ಅಂಟಿಸಿದಂತೆ. ಉದಾಸೀನ ಹಸಿವಿನ ಹಾಗೆ, ನಿದ್ದೆಯ ಹಾಗೆ. ಅದು ನಮಗೆ ಆಗುತ್ತದೆ, ಆಮೇಲೆ ಹೋಗುತ್ತದೆ. ಮಿದುಳಿನ ಬಗ್ಗೆ ಓದಿದಷ್ಟೂ ನಮ್ಮ ಊರಿನ ಈ ಮಾತೇ ಸರಿ ಎಂದು ನನಗೆ ಅನಿಸುತ್ತಿದೆ.

ಇದೆಲ್ಲ ತಲೆಗೆ ಬಂದದ್ದು ಅಕ್ಕನ ಮಗನಿಂದ. ಅವನಿಗೆ 23 ವರ್ಷ. ಬಿ.ಕಾಂ. ಮುಗಿಸಿ ಎರಡು ವರ್ಷ ಆಯಿತು. ಬ್ಯಾಂಕ್ ಪರೀಕ್ಷೆ ಎರಡು ಸಲ ಬರೆದ, ಎರಡು ಸಲವೂ ಆಗಲಿಲ್ಲ. ಅವರ ಮನೆ ಉಡುಪಿಯಿಂದ ಸ್ವಲ್ಪ ಹೊರಗೆ, ಸ್ವರ್ಣಾ ನದಿಯ ಹತ್ತಿರ. ಕಳೆದ ಜುಲೈಯಲ್ಲಿ ನಾನು ಹೋದಾಗ ಜೋರು ಮಳೆ. ಅಕ್ಕ ಕಾಫಿ ಕೊಡುತ್ತಲೇ ಶುರು ಮಾಡಿದಳು. ‘ಬಾವಿಯಿಂದ ಒಂದು ಕೊಡ ನೀರು ತರಲು ಹೇಳಿದರೆ ಏಳುದಿಲ್ಲ. ರಾತ್ರಿ ಎರಡು ಗಂಟೆವರೆಗೆ ಮೊಬೈಲಲ್ಲಿ ಗೇಮು. ಇವನಿಗೆ ನೀನಾದರೂ ಸ್ವಲ್ಪ ಹೇಳು.’

ನಾನು ಹೇಳಲು ಹೋಗಲಿಲ್ಲ. ಅವನ ಪಕ್ಕ ಕೂತು ಒಂದು ಆಟ ಪೂರ್ತಿ ನೋಡಿದೆ.

ಆಟ ಬಿಜಿಎಂಐ, ಎಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ. ಸುಮಾರು ನೂರು ಜನ ವಿಮಾನದಿಂದ ಒಂದು ದ್ವೀಪದ ಮೇಲೆ ಪ್ಯಾರಾಚೂಟಿನಲ್ಲಿ ಇಳಿಯುತ್ತಾರೆ. ಬರಿಗೈಯಲ್ಲಿ ಇಳಿದು ಮನೆಮನೆ ಹುಡುಕಿ ಬಂದೂಕು, ಗುಂಡು, ಮದ್ದು ಸೇರಿಸಬೇಕು. ಆಡುವ ಜಾಗದ ಸುತ್ತ ಒಂದು ವೃತ್ತ ಇರುತ್ತದೆ, ಅದು ಸಣ್ಣದಾಗುತ್ತಾ ಬರುತ್ತದೆ. ಹೊರಗೆ ಉಳಿದರೆ ಸಾಯುವುದೇ. ಅಕ್ಕನ ಮಗ ನಾಲ್ಕು ಜನರ ತಂಡದಲ್ಲಿದ್ದ. ಒಬ್ಬ ಮಂಗಳೂರಿನ ಪಿಜಿಯಲ್ಲಿ ಕೂತವ, ಒಬ್ಬ ದುಬೈಯಲ್ಲಿರುವ ಹಳೆಯ ಕ್ಲಾಸ್‌ಮೇಟ್, ಇನ್ನೊಬ್ಬ ಯಾರೋ ಗೊತ್ತಿಲ್ಲದವ. ‘ಬಲಗಡೆ ಕಲ್ಲಿನ ಹಿಂದೆ ಒಬ್ಬ ಇದ್ದಾನೆ. ನೀನು ಹೋಗಬೇಡ, ನಾನು ಸ್ಮೋಕ್ ಹಾಕ್ತೇನೆ.’ ದುಬೈಯವನಿಗೆ ಗುಂಡು ತಾಗಿ ಅವನು ತೆವಳತೊಡಗಿದ. ಇವನು ತನ್ನ ಜೀವ ಪಣಕ್ಕಿಟ್ಟು ಓಡಿಹೋಗಿ ಅವನನ್ನು ಎಬ್ಬಿಸಿದ. ಅರ್ಧ ಗಂಟೆ ಅವನ ಕಣ್ಣು ಪರದೆಯಿಂದ ಸರಿಯಲಿಲ್ಲ. ಎದುರಿಗಿದ್ದ ಕಾಫಿ ತಣ್ಣಗಾಯಿತು. ಕೊನೆಗೆ ಏಳನೆಯ ಸ್ಥಾನ ಬಂತು. ಎಷ್ಟು ಅಂಕ ಏರಿತು ಎಂದು ಕೂಡಲೇ ಪರದೆಯ ಮೇಲೆ ಬಂತು.

ಈ ಅರ್ಧ ಗಂಟೆ ನೋಡಿದ ಯಾರೂ ಅವನನ್ನು ಸೋಮಾರಿ ಎನ್ನಲಾರರು. ಯೋಚನೆ, ತಾಳ್ಮೆ, ಜೊತೆಗಾರರ ಬಗ್ಗೆ ಕಾಳಜಿ ಎಲ್ಲ ಇತ್ತು. ಹಾಗಾದರೆ ಅದೇ ಹುಡುಗನಿಗೆ ಒಂದು ಕೊಡ ನೀರು ತರಲು, ಪರೀಕ್ಷೆಯ ಪುಸ್ತಕ ತೆರೆಯಲು ಯಾಕೆ ಆಗುವುದಿಲ್ಲ?

ಈಗ ಎಲ್ಲರ ಬಾಯಲ್ಲೂ ಇರುವ ಉತ್ತರ ಡೋಪಮೈನ್. ಗೇಮ್ ಆಡಿದರೆ ಮಿದುಳಿನಲ್ಲಿ ‘ಸಂತೋಷದ ರಾಸಾಯನಿಕ’ ಸುರಿಯುತ್ತದೆ, ಹುಡುಗರು ಅದರ ಚಟಕ್ಕೆ ಬೀಳುತ್ತಾರೆ ಎನ್ನುತ್ತಾರೆ. ಇದರಲ್ಲಿ ಸ್ವಲ್ಪ ಸತ್ಯ ಇದೆ. 1998ರಲ್ಲಿ ಲಂಡನ್ನಿನ ವಿಜ್ಞಾನಿಗಳು ಎಂಟು ಜನರಿಗೆ ಟ್ಯಾಂಕ್ ಓಡಿಸುವ ವಿಡಿಯೊ ಗೇಮ್ ಕೊಟ್ಟು, ಆಡುತ್ತಿರುವಾಗಲೇ ಅವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಡೋಪಮೈನ್ ಬಿಡುಗಡೆಯಾದದ್ದು ಕಂಡಿತು. ಆದರೆ ಡೋಪಮೈನ್ ಎಂದರೆ ಸಂತೋಷ ಎಂಬುದು ತಪ್ಪು ತಿಳಿವಳಿಕೆ. ಇದು ನನಗೆ ಅರ್ಥವಾದದ್ದು ಅಮೆರಿಕದ ಜಾನ್ ಸಲಮೋನ್ ಅವರು ಇಲಿಗಳ ಮೇಲೆ ಮಾಡಿದ ಪ್ರಯೋಗಗಳನ್ನು ಓದಿದಾಗ.

ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದ ಒಂದು ದಾರಿ. ಒಂದು ಕಡೆ ಹೋದರೆ ಸ್ವಲ್ಪ ತಿಂಡಿ, ಸುಲಭವಾಗಿ ಸಿಗುತ್ತದೆ. ಇನ್ನೊಂದು ಕಡೆ ಜಾಸ್ತಿ ತಿಂಡಿ, ಆದರೆ ನಡುವೆ ಒಂದು ಎತ್ತರದ ತಡೆ, ಅದನ್ನು ಹತ್ತಿ ದಾಟಬೇಕು. ಆರೋಗ್ಯವಾಗಿರುವ ಇಲಿ ಹೆಚ್ಚಿನ ಸಲ ತಡೆ ಹತ್ತುವುದನ್ನೇ ಆರಿಸುತ್ತದೆ. ಮಿದುಳಿನ ಒಂದು ಸಣ್ಣ ಭಾಗದಲ್ಲಿ ಡೋಪಮೈನ್ ಕಡಿಮೆ ಮಾಡಿದಾಗ ಅದೇ ಇಲಿ ಸುಲಭದ ಕಡೆ ತಿರುಗಿತು. ಅದಕ್ಕೆ ತಿಂಡಿಯ ಆಸೆ ಹೋಗಿರಲಿಲ್ಲ, ಎದುರಿಗಿಟ್ಟರೆ ಚೆನ್ನಾಗಿಯೇ ತಿನ್ನುತ್ತಿತ್ತು. ಹತ್ತುವ ಶಕ್ತಿಯೂ ಹೋಗಿರಲಿಲ್ಲ. ಸುಲಭದ ಕಡೆ ಏನೂ ಇಡದೆ ಖಾಲಿ ಬಿಟ್ಟಾಗ ತಡೆ ಹತ್ತಿಯೇ ಹೋಯಿತು. ಬದಲಾದದ್ದು ಲೆಕ್ಕ ಮಾತ್ರ. ‘ಇಷ್ಟಕ್ಕೆ ಅಷ್ಟು ಕಷ್ಟ ಪಡಬೇಕಾ?’ ಎಂಬ ಲೆಕ್ಕ.

ನಮ್ಮ ಊರಿನವರು ಉದಾಸೀನ ಎನ್ನುವುದು ಈ ಲೆಕ್ಕಕ್ಕೇ ಅಲ್ವಾ? ಶಕ್ತಿ ಇದೆ, ಆಸೆಯೂ ಇದೆ, ಆದರೆ ಏಳಲು ಆಗುವುದಿಲ್ಲ.

ಈ ಲೆಕ್ಕಕ್ಕೆ ಬೇಕಾದ ಮಾಹಿತಿ ಎಲ್ಲಿಂದ ಬರುತ್ತದೆ ಎಂಬುದನ್ನು ನರವಿಜ್ಞಾನಿ ವೊಲ್ಫ್ರಾಮ್ ಶುಲ್ಟ್ಸ್ ಅವರ ಕೆಲಸ ತೋರಿಸಿತು. ಕೋತಿಗೆ ಇದ್ದಕ್ಕಿದ್ದಂತೆ ಹಣ್ಣಿನ ರಸ ಸಿಕ್ಕಿದರೆ ಡೋಪಮೈನ್ ನರಕೋಶಗಳು ಚುರುಕಾಗುತ್ತವೆ. ದೀಪ ಹೊತ್ತಿದ ಮೇಲೆ ರಸ ಬರುತ್ತದೆ ಎಂದು ಕಲಿತ ಮೇಲೆ, ದೀಪ ಕಂಡಾಗಲೇ ಚುರುಕಾಗುತ್ತವೆ. ರಸ ಬಂದಾಗ ಸುಮ್ಮನಿರುತ್ತವೆ. ದೀಪ ಹೊತ್ತಿಯೂ ರಸ ಬಾರದಿದ್ದರೆ ಆ ಕೋಶಗಳು ಮಾಮೂಲಿಗಿಂತಲೂ ಕೆಳಗೆ ಇಳಿಯುತ್ತವೆ. ಅಂದುಕೊಂಡದ್ದಕ್ಕೂ ಆದದ್ದಕ್ಕೂ ಇರುವ ವ್ಯತ್ಯಾಸವನ್ನು ಮಿದುಳು ಹೀಗೆ ಪ್ರತಿ ಸಲ ಬರೆದಿಡುತ್ತದೆ.

ಈಗ ಬ್ಯಾಂಕ್ ಪರೀಕ್ಷೆಯನ್ನು ಈ ಕಣ್ಣಿನಿಂದ ನೋಡಿ. ಅರ್ಜಿ ಹಾಕಿ, ಪ್ರಿಲಿಮ್ಸ್ ಬರೆದು, ಮೇನ್ಸ್ ಬರೆದು, ಫಲಿತಾಂಶಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಕೊನೆಗೆ ‘ಇಲ್ಲ’ ಎಂಬ ಒಂದು ಸಾಲು. ಎಲ್ಲಿ ತಪ್ಪಿದೆ ಎಂದು ಕೂತು ಹೇಳುವವರು ಯಾರೂ ಇಲ್ಲ. ಖಾಸಗಿ ಕಂಪನಿಗಳಿಗೆ ಕಳಿಸಿದ ಅರ್ಜಿಗಳಿಗೆ ಆ ಒಂದು ಸಾಲೂ ಬರುವುದಿಲ್ಲ. ಅಕ್ಕನ ಮಗ ಅವತ್ತು ಹೇಳಿದ ಮಾತು ನನ್ನ ಎದೆಯಲ್ಲೇ ಉಳಿದಿದೆ. ‘ಮಾವ, ಗೇಮಲ್ಲಿ ಸತ್ತರೆ ಯಾರು ಹೊಡೆದದ್ದು, ಎಲ್ಲಿಂದ ಹೊಡೆದದ್ದು ಅಂತ ಗೊತ್ತಾಗ್ತದೆ. ಮುಂದಿನ ಮ್ಯಾಚಲ್ಲಿ ಆ ಬದಿಗೆ ಹೋಗುದಿಲ್ಲ. ಇಲ್ಲಿ ಎಂತದೂ ಗೊತ್ತಾಗುದಿಲ್ಲ.’

ಇಂಥ ಕಡೆ ಜನ ಕೈಚೆಲ್ಲುವುದರ ಬಗ್ಗೆ ಹಳೆಯ, ಮನಸ್ಸಿಗೆ ನೋವಾಗುವ ಒಂದು ಪ್ರಯೋಗ ಇದೆ. 1967ರಲ್ಲಿ ಮನೋವಿಜ್ಞಾನಿಗಳಾದ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳಿಗೆ ವಿದ್ಯುತ್ ಶಾಕ್ ಕೊಟ್ಟರು. ಕೆಲವು ನಾಯಿಗಳು ತಲೆಯಿಂದ ಒಂದು ಹಲಗೆ ಒತ್ತಿ ಶಾಕ್ ನಿಲ್ಲಿಸಬಹುದಿತ್ತು. ಇನ್ನು ಕೆಲವಕ್ಕೆ ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಆಮೇಲೆ ಎಲ್ಲವನ್ನೂ ಇನ್ನೊಂದು ಪೆಟ್ಟಿಗೆಯಲ್ಲಿ ಬಿಟ್ಟರು. ನಡುವಿನ ಗಿಡ್ಡ ತಡೆ ಹಾರಿದರೆ ಸಾಕು, ಶಾಕ್‌ನಿಂದ ಪಾರು. ಮೊದಲ ಗುಂಪು ಬೇಗ ಹಾರಲು ಕಲಿಯಿತು. ಎರಡನೆಯ ಗುಂಪಿನಲ್ಲಿ ಹೆಚ್ಚಿನವು ಪ್ರಯತ್ನವನ್ನೇ ಬಿಟ್ಟು ಅಲ್ಲೇ ಮಲಗಿದವು.

ಈ ಪ್ರಯೋಗ ತುಂಬ ಪ್ರಸಿದ್ಧ. ಅದರ ಮುಂದಿನ ಭಾಗ ಅಷ್ಟು ಪ್ರಸಿದ್ಧವಲ್ಲ, ನನಗೆ ಮುಖ್ಯ ಅನಿಸುವುದು ಅದೇ. ಮಲಗಿದ ನಾಯಿಗಳನ್ನು ಎಬ್ಬಿಸಲು ಸಂಶೋಧಕರು ಆಚೆಯಿಂದ ಕರೆದು ನೋಡಿದರು, ತಿಂಡಿಯ ಆಸೆ ತೋರಿಸಿದರು. ಆಗಲಿಲ್ಲ. ಕೊನೆಗೆ ಹಗ್ಗ ಕಟ್ಟಿ ತಡೆಯ ಆಚೆಗೆ ಎಳೆದರು. ಒಂದು ಸಲ ಸಾಲಲಿಲ್ಲ, ಮತ್ತೆ ಮತ್ತೆ ಎಳೆಯಬೇಕಾಯಿತು. ಎಳೆಯಲು ಬೇಕಾದ ಬಲ ಬರಬರುತ್ತಾ ಕಡಿಮೆಯಾಯಿತು, ಆಮೇಲೆ ಅವು ತಾವಾಗಿಯೇ ಹಾರಿದವು. 2016ರಲ್ಲಿ ಅದೇ ಇಬ್ಬರು, ಐವತ್ತು ವರ್ಷಗಳ ಕೆಲಸವನ್ನು ತಿರುಗಿ ನೋಡಿ, ಅಸಹಾಯಕತೆ ಕಲಿತು ಬರುವಂಥದ್ದು ಎಂಬ ತಮ್ಮ ಹಳೆಯ ಸಿದ್ಧಾಂತವನ್ನು ತಾವೇ ಬುಡಮೇಲು ಮಾಡಿದರು. ನಿಲ್ಲದ ಕಷ್ಟಕ್ಕೆ ಸುಮ್ಮನೆ ಮಲಗುವುದು ಪ್ರಾಣಿಯ ಹುಟ್ಟುಗುಣ, ಅದನ್ನು ಯಾರೂ ಕಲಿಯಬೇಕಾಗಿಲ್ಲ. ‘ನಾನು ಮಾಡಿದ್ದರಿಂದ ಏನೋ ಬದಲಾಗುತ್ತದೆ’ ಎಂಬುದನ್ನೇ ಮಿದುಳು ಕಲಿಯಬೇಕು ಎಂದರು.

ಗೇಮ್ ಅದನ್ನೇ ಕಲಿಸುತ್ತದೆ. ನಿಮಿಷಕ್ಕೊಂದು ಸಲ ಕಲಿಸುತ್ತದೆ. ಹುಡುಗರು ಅಲ್ಲಿ ಹೋಗಿ ಕೂರುವುದು ನನಗೆ ಈಗ ಆಶ್ಚರ್ಯ ಅನಿಸುವುದಿಲ್ಲ.

ಹಾಗೆಂದು ಗೇಮ್ ಮಾಡುವವರೆಲ್ಲ ಸಾಧುಗಳು ಎನ್ನುತ್ತಿಲ್ಲ. ಗೇಮಿನೊಳಗೆ ದುಡ್ಡು ಕೊಟ್ಟು ತೆರೆಯುವ ‘ಕ್ರೇಟ್’ ಎಂಬ ಪೆಟ್ಟಿಗೆಗಳಲ್ಲಿ ಏನು ಬರುತ್ತದೆ ಎಂದು ಮೊದಲೇ ಗೊತ್ತಿರುವುದಿಲ್ಲ. ಯಾವಾಗ ಸಿಗುತ್ತದೆ ಎಂದು ಹೇಳಲಾಗದ ಬಹುಮಾನಕ್ಕಾಗಿ ಪಾರಿವಾಳ ಕೂಡ ದಣಿವಿಲ್ಲದೆ ಕುಕ್ಕುತ್ತದೆ ಎಂದು ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಬಹಳ ಹಿಂದೆಯೇ ತೋರಿಸಿದ್ದರು. ಬೆಲ್ಜಿಯಂ 2018ರಲ್ಲಿ ಇಂಥ ಪೆಟ್ಟಿಗೆಗಳನ್ನು ಜೂಜು ಎಂದೇ ಪರಿಗಣಿಸಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಪಾಸು ಮಾಡಿತು. ಒಳ್ಳೆಯದೇ ಆಯಿತು.

ಕಾಯಿಲೆಯ ಮಟ್ಟಕ್ಕೆ ಹೋಗುವವರೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ 2022ರ ಜನವರಿಯಿಂದ ಗೇಮಿಂಗ್ ಡಿಸಾರ್ಡರ್ ಇದೆ. ಆಟದ ಮೇಲೆ ಹಿಡಿತ ತಪ್ಪುವುದು, ಬೇರೆಲ್ಲಕ್ಕಿಂತ ಆಟವೇ ದೊಡ್ಡದಾಗುವುದು, ಹಾಳಾಗುತ್ತಿದ್ದೇನೆ ಎಂದು ಗೊತ್ತಾದ ಮೇಲೂ ಮುಂದುವರಿಸುವುದು, ಇದು ಸಾಮಾನ್ಯವಾಗಿ ಒಂದು ವರ್ಷವಾದರೂ ನಡೆದು ಬದುಕಿಗೆ ದೊಡ್ಡ ಪೆಟ್ಟು ಕೊಟ್ಟಿರಬೇಕು. ದಿನಕ್ಕೆ ಇಂತಿಷ್ಟು ಗಂಟೆ ಎಂಬ ಲೆಕ್ಕ ಅದರಲ್ಲಿಲ್ಲ, ಗಮನಿಸಿ. ಹಾಗೆ ಆಗಿದೆ ಅನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ‘ಶಟ್’ ಕ್ಲಿನಿಕ್ ಇದೆ, ಅಷ್ಟು ದೂರ ಹೋಗಲಾಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಬಹುದು. ಆಡುವವರಲ್ಲಿ ಹೆಚ್ಚಿನವರು ಆ ಗುಂಪಿನವರಲ್ಲ. 2022ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಏಳು ಗೇಮ್‌ಗಳ ಸುಮಾರು 39,000 ಆಟಗಾರರನ್ನು ಆರು ವಾರ ಗಮನಿಸಿದರು. ಎಷ್ಟು ಹೊತ್ತು ಆಡಿದರು ಎಂಬುದನ್ನು ಗೇಮ್ ಕಂಪನಿಗಳ ದಾಖಲೆಯಿಂದಲೇ ತೆಗೆದುಕೊಂಡರು. ಹೊತ್ತು ಜಾಸ್ತಿಯಾದರೆ ಮನಸ್ಸಿನ ನೆಮ್ಮದಿ ಕೆಡುತ್ತದೆ ಎಂಬುದಕ್ಕೆ ಹೇಳಿಕೊಳ್ಳುವಂಥ ಪುರಾವೆ ಸಿಗಲಿಲ್ಲ. ಆಡಬೇಕು ಅನಿಸಿ ಆಡುವವರಿಗೂ, ಆಡದಿದ್ದರೆ ಆಗುವುದಿಲ್ಲ ಎಂದು ಆಡುವವರಿಗೂ ನಡುವೆ ಮಾತ್ರ ಆ ನೆಮ್ಮದಿಯಲ್ಲಿ ವ್ಯತ್ಯಾಸ ಕಂಡಿತು.

ತಡವಾಗಿ ಏಳುವುದರ ಬಗ್ಗೆಯೂ ಅಕ್ಕನಿಗೆ ಒಂದು ಮಾತು ಹೇಳಿದೆ. ದೇಹದ ಗಡಿಯಾರ ಹದಿಹರೆಯದಲ್ಲಿ ಹಿಂದೆ ಸರಿಯುತ್ತಾ ಹೋಗಿ, ಇಪ್ಪತ್ತರ ಆಸುಪಾಸಿನಲ್ಲಿ ಅತಿ ತಡವಾಗಿರುತ್ತದೆ, ಆಮೇಲೆ ನಿಧಾನಕ್ಕೆ ಮುಂದೆ ಬರುತ್ತದೆ. ಐದು ಗಂಟೆಗೆ ಏಳುವ ಅಕ್ಕನ ದೇಹವೂ ಮಗನ ದೇಹವೂ ಒಂದೇ ಗಡಿಯಾರ ನೋಡುತ್ತಿಲ್ಲ. ಅವಳು ಪೂರ್ತಿ ಒಪ್ಪಲಿಲ್ಲ.

ದಾರಿ ಏನು ಎಂದು ಯೋಚಿಸುವಾಗ ನನಗೆ ನೆನಪಾದದ್ದು ನಮ್ಮ ಅಜ್ಜಿಯ ಮನೆಗೆ ಬರುತ್ತಿದ್ದ ಪಿಗ್ಮಿಯವರು. ಉಡುಪಿಯಲ್ಲಿ 1925ರಲ್ಲಿ ಟಿ. ಎಂ. ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವ ಅವರು ಕಟ್ಟಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಅದೇ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟರು ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಬಡವರಿಗೆ ಉಳಿಸುವ ಬುದ್ಧಿ ಇಲ್ಲ ಎಂದು ಹೇಳುವವರು ಆಗಲೂ ಇದ್ದಿರಬೇಕು. ಬುದ್ಧಿ ಇತ್ತು. ಬ್ಯಾಂಕಿನ ಮೆಟ್ಟಿಲು ಎತ್ತರವಾಗಿತ್ತು, ಅಷ್ಟೇ. ಇಲಿಯ ದಾರಿಯ ಆ ತಡೆಯ ಹಾಗೆ. ಪಿಗ್ಮಿಯವರು ಆ ತಡೆಯನ್ನು ಎರಡಾಣೆಯಷ್ಟು ಗಿಡ್ಡ ಮಾಡಿದರು. ಕೊಟ್ಟದ್ದನ್ನು ಕೂಡಲೇ ಕಾರ್ಡಿನಲ್ಲಿ ಬರೆದು ಅಜ್ಜಿಯ ಕೈಗೆ ಕೊಡುತ್ತಿದ್ದರು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೂ ಆ ಕಾರ್ಡನ್ನು ತೆರೆದು ಬರೆದ ಸಾಲುಗಳನ್ನು ಬೆರಳಿನಿಂದ ಎಣಿಸುತ್ತಿದ್ದದ್ದು ನನಗೆ ನೆನಪಿದೆ.

ಅಕ್ಕನ ಪಕ್ಕದ ಮನೆಯ ಹುಡುಗ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಅವನೂ ಅದೇ ಪರೀಕ್ಷೆಗೆ ಕಟ್ಟಿದ್ದ. ನಾನು ಅವನನ್ನು ಕೇಳಿಕೊಂಡದ್ದು ಇಷ್ಟು: ದಿನಾ ಸಂಜೆ ಏಳು ಗಂಟೆಗೆ ನೀನೇ ಇಲ್ಲಿಗೆ ಬಾ, ಇಬ್ಬರೂ ಸೇರಿ ಇಪ್ಪತ್ತು ಪ್ರಶ್ನೆ ಮಾಡಿ, ಕೂತಲ್ಲೇ ಉತ್ತರ ನೋಡಿ, ತಪ್ಪಿದ್ದನ್ನು ಅಲ್ಲೇ ಇನ್ನೊಮ್ಮೆ ಮಾಡಿ, ಅದಕ್ಕಿಂತ ಜಾಸ್ತಿ ಬೇಡ. ಮೊದಲ ವಾರ ಅಕ್ಕನ ಮಗ ಎರಡು ಸಲ ತಲೆನೋವು ಎಂದು ಮಲಗಿದ. ಪಕ್ಕದ ಮನೆಯವನು ಹೋಗದೆ ಮಂಚದ ಬದಿಯಲ್ಲೇ ಕೂತು ಪ್ರಶ್ನೆ ಓದಿದನಂತೆ. ಮೂರನೆಯ ವಾರ ಇವನೇ ಏಳಕ್ಕೆ ಮೊದಲು ಜಗಲಿಯಲ್ಲಿ ಚಾಪೆ ಹಾಕತೊಡಗಿದ.

ಮೊನ್ನೆ ಹೋದಾಗ ಕರೆಂಟ್ ಇರಲಿಲ್ಲ. ಎಮರ್ಜೆನ್ಸಿ ಲೈಟಿನ ಬೆಳಕಿನಲ್ಲಿ ಇಬ್ಬರೂ ಒಂದೇ ಪುಸ್ತಕದ ಮೇಲೆ ಬಗ್ಗಿದ್ದರು. ‘ಆರನೆಯದ್ದು ಪುನಃ ತಪ್ಪಿತಲ್ಲ ಮಾರಾಯ.’ ‘ಇರು, ಎಲ್ಲಿ ತಪ್ಪಿದ್ದು ಅಂತ ಗೊತ್ತಾಯ್ತು.’ ಊಟ ಆದ ಮೇಲೆ ಅಕ್ಕನ ಮಗ ಮೊಬೈಲ್ ಹಿಡಿದು ಮೂಲೆಯಲ್ಲಿ ಕೂತ. ದುಬೈಯ ಗೆಳೆಯ ಕಾಯುತ್ತಿದ್ದ. ಅಕ್ಕ ಅವನ ಕಡೆ ಒಮ್ಮೆ ನೋಡಿದಳು, ಏನೂ ಹೇಳದೆ ಒಳಗೆ ಹೋದಳು.